ಮನೆಯೊಳಗೆ ಕಾಲೆತ್ತುವ ನಾಯಿ: ಆಪರೇಷನ್ನೋ, ಎಂಜೈಮೋ, ಹೊಟ್ಟೆಪಟ್ಟಿಯೋ?

ನಾಯಿ ಸಾಕಿದವರು ಸ್ವಲ್ಪ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. "ಸೋಫಾ ಕಾಲಿಗೆ ಉಚ್ಚೆ ಹೊಯ್ತಾನೆ, ಏನ್ ಮಾಡೋದು?" ಕೇಳಿದ್ದೇ ತಡ, ಸಲಹೆಗಳು ಶುರು. ಬೀಜ ತೆಗೆಸುವ ಆಪರೇಷನ್ ಮಾಡಿಸಿಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ಆನ್‌ಲೈನ್‌ನಲ್ಲಿ ಒಂದು ಸ್ಪ್ರೇ ಬರುತ್ತೆ ಎನ್ನುತ್ತಾನೆ ತಮ್ಮ. ಹೊರಗೆ ಕಟ್ಟಿಹಾಕ್ರಿ, ನಾಯಿಗೆ ಪಡಸಾಲೆ ಯಾಕೆ ಎನ್ನುತ್ತಾರೆ ಅಜ್ಜಿ. ಡೈಪರ್ ಹಾಕಿ ಎನ್ನುವವರೂ ಇದ್ದಾರೆ. ದಾವಣಗೆರೆಯ ಮನೆಗಳನ್ನು, ಇಲ್ಲಿನ ನೆಲವನ್ನು, ಇಲ್ಲಿನ ಬೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಎಲ್ಲ ದಾರಿಗಳನ್ನೂ ಒಂದೊಂದಾಗಿ ತೂಗಿ ನೋಡೋಣ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ನಾಯಿ ಇದು ನನ್ನ ಜಾಗ ಎಂದು ವಾಸನೆಯ ಗುರುತು ಹಾಕುತ್ತಿದೆಯೋ, ಅಥವಾ ತಡೆಯಲಾಗದೆ ಉಚ್ಚೆ ಮಾಡುತ್ತಿದೆಯೋ? ಗುರುತು ಹಾಕುವುದಾದರೆ ಪ್ರಮಾಣ ಕಡಿಮೆ, ಒಂದೆರಡು ಚಮಚ ಇರಬಹುದು. ನಿಂತಿರುವ ವಸ್ತುವಿಗೇ ಬೀಳುತ್ತದೆ: ಬಾಗಿಲ ಚೌಕಟ್ಟು, ಮಂಚದ ಕಾಲು, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ನೆಂಟರು ತಂದಿಟ್ಟ ಬ್ಯಾಗು. ಜಾಗವೂ ಹೆಚ್ಚುಕಡಿಮೆ ಅದೇ. ನೆಲದ ನಡುವೆ ದೊಡ್ಡ ಮಡುವೇ ನಿಂತಿದ್ದರೆ ಅದು ಬೇರೆ ಕಥೆ. ಮರಿಗೆ ಇನ್ನೂ ಅಭ್ಯಾಸ ಆಗಿಲ್ಲದಿರಬಹುದು. ಬೈದಾಗ, ಅಥವಾ ನೀವು ಮನೆಗೆ ಬಂದಾಗ ಬಗ್ಗಿ ಒಂದಿಷ್ಟು ಬಿಟ್ಟರೆ ಅದು ಹೆದರಿಕೆ ಅಥವಾ ಖುಷಿ. ಮಲಗಿದ್ದಾಗ ತಾನಾಗಿ ಸೋರಿದರೆ, ಪದೇಪದೇ ಹೋಗಿ ತಿಣುಕಿದರೆ, ರಕ್ತ ಕಂಡರೆ, ನೀರು ಕುಡಿಯುವುದು ಏಕಾಏಕಿ ಜಾಸ್ತಿಯಾದರೆ ಈ ಲೇಖನ ಪಕ್ಕಕ್ಕಿಟ್ಟು ಡಾಕ್ಟ್ರ ಹತ್ತಿರ ಹೋಗಿ. ಮೂತ್ರಕೋಶದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎಲ್ಲಕ್ಕೂ ಮೊದಲ ಸೂಚನೆ ಇಂಥದ್ದೇ. ಗಂಡು ನಾಯಿ ತಿಣುಕಿಯೂ ಒಂದು ಹನಿ ಬರದಿದ್ದರೆ ನಾಳೆಗೆ ತಳ್ಳಬೇಡಿ, ಅದು ಪ್ರಾಣಕ್ಕೆ ಅಪಾಯ.

ಇಷ್ಟು ವರ್ಷ ಸುಮ್ಮನಿದ್ದ ನಾಯಿ ಈಗ ಶುರು ಮಾಡಿದ್ದರೂ ಅಷ್ಟೇ. ಮೊದಲು ಮೂತ್ರ ಪರೀಕ್ಷೆ. ಉಳಿದೆಲ್ಲ ದಾರಿಗಳಿಗಿಂತ ಖರ್ಚು ಕಡಿಮೆ, ಆದರೆ ಜನ ಕೊನೆಗೆ ನೆನಪಿಸಿಕೊಳ್ಳುವುದು ಇದನ್ನೇ.

ಯಾವುದರಿಂದ ಅಳೆಯುವುದು?

ಗುರುತು ಹಾಕುವುದು ನಾಯಿಯ ಮಟ್ಟಿಗೆ ಚುನಾವಣೆ ಕಾಲದಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ. ಇನ್ನೊಬ್ಬರದು ಕಂಡರೆ ಅದರ ಮೇಲೆ ತನ್ನದು, ತನ್ನದು ಮಾಸಿದರೆ ಮತ್ತೊಮ್ಮೆ. ಹಾಗಾಗಿ ಯಾವುದೇ ದಾರಿಯನ್ನು ನೋಡುವಾಗ ಮೊದಲ ಪ್ರಶ್ನೆ: ಇದು ಅಂಟಿಸುವ ಚಟಕ್ಕೆ ಕೈ ಹಾಕುತ್ತದೆಯೋ, ಇಲ್ಲ ಗೋಡೆ ತೊಳೆಯುತ್ತದೆಯೋ? ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಎರಡನೆಯದು ನಿಮ್ಮ ನೆಲ. ಇದನ್ನು ಯಾರೂ ಕೇಳುವುದೇ ಇಲ್ಲ. ಹಳೇ ದಾವಣಗೆರೆಯ ಮನೆಗಳ ಕಡಪ ಕಲ್ಲಿಗೂ ಶಾಮನೂರು ರಸ್ತೆಯ ಹೊಸ ಮನೆಗಳ ಟೈಲ್ಸ್‌ಗೂ ಒಂದೇ ಔಷಧಿ ಆಗುವುದಿಲ್ಲ. ಮೂರನೆಯದು, ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ ಎಂಬುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ, ಯಾರಾದರೂ ಕಣ್ಣಿಟ್ಟು ನೋಡಬೇಕಾದ ಉಪಾಯ ನಡೆಯುವುದಿಲ್ಲ. ಆಮೇಲೆ ಹಣ. ಒಮ್ಮೆ ಕೊಟ್ಟು ಮುಗಿಯುವ ಖರ್ಚೋ, ತಿಂಗಳು ತಿಂಗಳು ಬರುವುದೋ ನೋಡಿ. ಇನ್ನು ಅವಸರ. ಮನೆಯಲ್ಲಿ ಮುಂದಿನ ವಾರ ಮದುವೆ ಇದ್ದರೆ ಎರಡು ತಿಂಗಳಿಗೆ ಫಲ ಕೊಡುವ ದಾರಿ ಈಗಿನ ಮಟ್ಟಿಗೆ ಉಪಯೋಗಕ್ಕಿಲ್ಲ.

ಆಪರೇಷನ್

ಗಂಡು ನಾಯಿ, ವಯಸ್ಸಿಗೆ ಬಂದಿದೆ, ಇನ್ನೂ ಆಪರೇಷನ್ ಆಗಿಲ್ಲ. ಹಾಗಿದ್ದರೆ ಚಟದ ಬೇರಿಗೇ ಕೈ ಹಾಕುವ ದಾರಿ ಇದು. ಆರು ತಿಂಗಳಿಂದ ಒಂದು ವರ್ಷದ ಒಳಗೆ ಗಂಡು ಹಾರ್ಮೋನು ಏರುವ ಹೊತ್ತಿಗೇ ಕಾಲೆತ್ತುವುದು ಶುರುವಾಗುತ್ತದೆ.

ಆದರೆ ಫಲ ಎಷ್ಟು ಎಂಬುದನ್ನು ಸರಿಯಾಗಿ ತಿಳಿದುಕೊಂಡು ಹೋಗಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯರು 1997ರಲ್ಲಿ 57 ಗಂಡು ನಾಯಿಗಳ ಅಧ್ಯಯನ ಪ್ರಕಟಿಸಿದರು. ಗುರುತು ಹಾಕುವುದು, ಮನೆ ಬಿಟ್ಟು ಅಲೆಯುವುದು, ಬೇರೆ ನಾಯಿಗಳ ಅಥವಾ ಜನರ ಮೇಲೆ ಹತ್ತುವುದು ಈ ಮೂರು ಚಾಳಿಗಳು ಶೇ. 60 ಅಥವಾ ಅದಕ್ಕೂ ಹೆಚ್ಚು ನಾಯಿಗಳಲ್ಲಿ ಅರ್ಧಕ್ಕರ್ಧ ಕಡಿಮೆಯಾದವು. ಪೂರ್ತಿ ನಿಂತಂತೆಯೇ ಆದದ್ದು ಶೇ. 25ರಿಂದ 40ರಷ್ಟು ನಾಯಿಗಳಲ್ಲಿ ಮಾತ್ರ. ಆಪರೇಷನ್ ಆದಾಗಿನ ವಯಸ್ಸಿಗೂ ಈ ಫಲಕ್ಕೂ ನಂಟು ಕಾಣಲಿಲ್ಲ. ಅಂದರೆ ಐದು ವರ್ಷದ ನಾಯಿಗೆ ಈಗ ಮಾಡಿಸಿ ಏನು ಪ್ರಯೋಜನ ಎನ್ನುವ ಮಾತಿಗೆ ಆಧಾರವಿಲ್ಲ. ಹಾಗೆಯೇ, ಮಾಡಿಸಿದ ಮರುದಿನದಿಂದ ಮನೆ ಒಣಗುತ್ತದೆ ಎನ್ನುವ ಮಾತಿಗೂ ಇಲ್ಲ. ಹಾರ್ಮೋನು ಬೇಗ ಇಳಿಯುತ್ತದೆ. ಚಾಳಿ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಖರ್ಚು ಒಮ್ಮೆಗೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕಡಿಮೆ, ಖಾಸಗಿ ಕ್ಲಿನಿಕ್‌ನಲ್ಲಿ ಕೆಲವು ಸಾವಿರ. ನಾಯಿಯ ತೂಕ, ಅರಿವಳಿಕೆ, ರಕ್ತ ಪರೀಕ್ಷೆ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ಮೊದಲೇ ಕೇಳಿ, ಹೊಲಿಗೆ ಬಿಚ್ಚುವುದು ಮತ್ತು ಔಷಧಿ ಅದರಲ್ಲೇ ಸೇರಿದೆಯೋ ಇಲ್ಲವೋ ಎಂದೂ ಕೇಳಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ ತೀರಾ ಬೇಗ ಮಾಡಿಸಿದರೆ ಕೀಲಿನ ತೊಂದರೆ ಜಾಸ್ತಿ ಎಂದು ಕಂಡುಬಂದಿದೆ. ಅಂಥವಕ್ಕೆ ಒಂದು ವರ್ಷ ದಾಟಲಿ ಎನ್ನುವ ಡಾಕ್ಟ್ರ ಮಾತು ಕೇಳಿ. ಆಪರೇಷನ್ ಆದ ಮೇಲೆ ಊಟ ಸ್ವಲ್ಪ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಮೈ ಬರುತ್ತದೆ. ಲಾಭವೂ ಇನ್ನೊಂದಿದೆ. ವಯಸ್ಸಾದ ಗಂಡು ನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯ, ಅದು ತಪ್ಪುತ್ತದೆ.

"ಗಂಡಸ್ತನ ತೆಗೆಯೋದು ಪಾಪ ಅಲ್ವಾ?" ಎಂದು ಕೇಳುವವರಿದ್ದಾರೆ. ಎತ್ತುಗಳಿಗೆ ಬೀಜ ಒಡೆಸುವುದನ್ನು ತಲೆಮಾರುಗಳಿಂದ ನೋಡಿದ ಸೀಮೆ ನಮ್ಮದು. ಇಲ್ಲಿ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಹೆಣ್ಣು ನಾಯಿಯೂ ಗುರುತು ಹಾಕುತ್ತದೆ, ಅದರಲ್ಲೂ ಬೆದೆಗೆ ಬರುವ ಮುಂಚಿನ ದಿನಗಳಲ್ಲಿ. ಅದಕ್ಕೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್, ಖರ್ಚು ಜಾಸ್ತಿ. ಗರ್ಭಕೋಶಕ್ಕೆ ಕೀವು ತುಂಬುವ ರೋಗ ತಪ್ಪುತ್ತದೆ ಎನ್ನುವುದು ದೊಡ್ಡ ಲಾಭ. ಕೆಲವು ಹೆಣ್ಣುಗಳಿಗೆ ವರ್ಷಗಳು ಕಳೆದ ಮೇಲೆ ಮಲಗಿದಾಗ ಸೋರುವ ತೊಂದರೆ ಬರಬಹುದು. ಅದಕ್ಕೆ ಔಷಧಿ ಇದೆ.

ತೊಳೆಯುವುದು: ಫಿನಾಯಿಲ್, ವಿನೆಗರ್, ಎಂಜೈಮ್

ನನ್ನ ಪ್ರಕಾರ ಜನ ಹೆಚ್ಚು ಎಡವುವುದು ಇಲ್ಲಿ. ಆಪರೇಷನ್ ಮಾಡಿಸಿ, ವಾಸನೆ ಹಾಗೇ ಬಿಟ್ಟರೆ ನಾಯಿ ಹಳೇ ಜಾಗಕ್ಕೇ ಹೋಗುತ್ತದೆ. ನಮ್ಮ ಮೂಗಿಗೆ ಹೋಯಿತು ಅನ್ನಿಸಿದ್ದು ಅದರ ಮೂಗಿಗೆ ಹೋಗಿರುವುದಿಲ್ಲ.

ಫಿನಾಯಿಲ್ ಎಲ್ಲರ ಮನೆಯಲ್ಲೂ ಇದೆ, ಅಗ್ಗ. ಆದರೆ ಅದು ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟೇ. ಘಾಟು ಹೋದ ಮೇಲೆ ಕೆಳಗಿನದು ಉಳಿದಿರುತ್ತದೆ. ನೀರು ಬೆರೆಸದ ಫಿನಾಯಿಲ್ ಮೇಲೆ ನಡೆದು ನಾಯಿ ಪಾದ ನೆಕ್ಕಿದರೆ ಅದಕ್ಕೆ ವಿಷ. ಬೆಕ್ಕು ಇರುವ ಮನೆಯಲ್ಲಂತೂ ಬೇಡವೇ ಬೇಡ. ಬ್ಲೀಚಿಂಗ್ ಪುಡಿ ಇನ್ನೂ ಕೆಟ್ಟದ್ದು. ಉಚ್ಚೆಯಲ್ಲಿನ ಅಮೋನಿಯಾ ಜೊತೆ ಸೇರಿ ಎದೆ ಉರಿಸುವ ಹೊಗೆ ಬರುತ್ತದೆ.

ವಿನೆಗರ್ ಮತ್ತು ಅಡುಗೆ ಸೋಡಾ ಎಂದು ಎಲ್ಲ ಕಡೆ ಹೇಳುತ್ತಾರೆ. ಟೈಲ್ಸ್ ನೆಲಕ್ಕೆ, ಹೊಸದಾಗಿ ಬಿದ್ದ ಕಲೆಗೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಹುಳಿ ಬಿದ್ದರೆ ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಅಮೃತಶಿಲೆಯೂ ಹಾಗೇ. ರೆಡ್ ಆಕ್ಸೈಡ್ ನೆಲ ಸಿಮೆಂಟಿನದು, ಅದಕ್ಕೂ ಹುಳಿ ಆಗದು. ಬಚ್ಚಲಿಗೆ ಹಾಕುವ ಆ್ಯಸಿಡ್ ಬಗ್ಗೆ ಹೇಳುವುದೇ ಬೇಡ. ಹಳೇ ಮನೆಯವರು ವಿನೆಗರ್ ಬಾಟಲಿಯನ್ನು ಅಡುಗೆಮನೆಯಲ್ಲೇ ಇಡಿ.

ಎಂಜೈಮ್ ದ್ರಾವಣ ಉಚ್ಚೆಯಲ್ಲಿನ ವಾಸನೆಯ ಮೂಲವನ್ನೇ ಒಡೆಯುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ, ಒಂದು ಬಾಟಲಿಗೆ ಕೆಲವು ನೂರು ರೂಪಾಯಿ. ದುಬಾರಿ ಅನ್ನಿಸಿದರೆ ಎಂಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಬಳಸಿ, ಆಮೇಲೆ ಬರಿ ನೀರಿನಿಂದ ಚೆನ್ನಾಗಿ ತೊಳೆಯಿರಿ. ಪ್ಯಾಕೆಟ್ ಹಿಂಭಾಗ ಓದಿದರೆ ಎಂಜೈಮ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಸುಮ್ನೆ ಚಿಮುಕಿಸಿ ಒರೆಸಿದರೆ ಎರಡೂ ದಂಡ. ಜಾಗ ತೊಯ್ಯುವಷ್ಟು ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಕೆಳಗೆ ನೋಡನೋಡುತ್ತಲೇ ಒಣಗುತ್ತದೆ. ಮೇಲೊಂದು ಒದ್ದೆ ಬಟ್ಟೆ ಹೊದಿಸಿ. ಮೊದಲು ಫಿನಾಯಿಲ್ ಹಾಕಿದ್ದರೆ ಬರಿ ನೀರಿನಲ್ಲಿ ತೊಳೆದು ಆಮೇಲೆ ಎಂಜೈಮ್ ಹಾಕಿ, ಫಿನಾಯಿಲ್ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ.

ಹಳೇ ಕಲೆ ಎಲ್ಲೆಲ್ಲಿದೆ ಎಂದು ಗೊತ್ತಾಗದಿದ್ದರೆ ನೇರಳೆ ಬೆಳಕಿನ ಯು.ವಿ. ಟಾರ್ಚ್ ತರಿಸಿ. ರಾತ್ರಿ ದೀಪ ಆರಿಸಿ ಹಿಡಿದರೆ ಕಲೆ ಹೊಳೆಯುತ್ತದೆ. ಟೈಲ್ಸ್ ಸಂದಿಯ ಸಿಮೆಂಟು, ಬಾಗಿಲ ಚೌಕಟ್ಟಿನ ಬುಡ, ಕರ್ಟನ್ ಅಂಚು, ಇವನ್ನು ಮರೆಯಬೇಡಿ. ಕೈಗೆ ಗ್ಲೌಸ್ ಇರಲಿ. ಇಲಿ ಜ್ವರದ ರೋಗಾಣು ನಾಯಿಯ ಉಚ್ಚೆಯಿಂದಲೂ ಬರುತ್ತದೆ, ಕೈಯ ಸಣ್ಣ ಗಾಯ ಸಾಕು ಒಳಗೆ ಹೋಗಲು. ನಾಯಿಗೆ ಪ್ರತಿ ವರ್ಷದ ಲಸಿಕೆಯಲ್ಲಿ ಅದೂ ಸೇರಿದೆಯೇ ಎಂದು ಕಾರ್ಡ್ ನೋಡಿ.

ಹೊಟ್ಟೆಪಟ್ಟಿ

ಗಂಡು ನಾಯಿಯ ಸೊಂಟದ ಸುತ್ತ ಸುತ್ತುವ ಪಟ್ಟಿ, ಒಳಗೆ ಪ್ಯಾಡ್. ಕಾಲೆತ್ತಿದರೂ ಹೊರಗೆ ಬೀಳುವುದಿಲ್ಲ. ಹತ್ತಿ ಟವೆಲ್, ವೆಲ್ಕ್ರೊ, ಒಂದು ಪ್ಯಾಡ್ ಕೊಟ್ಟರೆ ಟೈಲರ್ ಹೊಲಿದುಕೊಡುತ್ತಾರೆ. ಹೆಣ್ಣಿಗೆ ಇದು ಆಗದು, ಡೈಪರ್ ಬೇಕು.

ಇಂದೇ ಫಲ ಕೊಡುವುದು ಇದೊಂದೇ. ಮದುವೆ ಮನೆ, ಗೃಹಪ್ರವೇಶ, ಹಬ್ಬಕ್ಕೆ ನೆಂಟರು ಬಂದ ದಿನ, ಬೇರೆಯವರ ಮನೆಗೆ ನಾಯಿ ಕರೆದುಕೊಂಡು ಹೋಗುವಾಗ ಇದನ್ನು ಕಣ್ಣುಮುಚ್ಚಿ ಆರಿಸಿ. ಆದರೆ ಚಟ ಇದರಿಂದ ಬಿಡುವುದಿಲ್ಲ. ದಿನವಿಡೀ ಕಟ್ಟಿಟ್ಟರೆ ಚರ್ಮ ಕೆಂಪಾಗುತ್ತದೆ, ನಮ್ಮ ಸೆಕೆಯಲ್ಲಿ ಇನ್ನೂ ಬೇಗ. ಒದ್ದೆಯಾದ ಕೂಡಲೇ ಬದಲಿಸಬೇಕು. ಅಂದರೆ ಮನೆಯಲ್ಲಿ ಒಬ್ಬರಿರಬೇಕು. ಬೀಗ ಹಾಕಿ ಹೋಗುವವರಿಗೆ ಇದು ಸರಿಯಾದ ದಾರಿಯಲ್ಲ.

ಅಭ್ಯಾಸ ಬದಲಿಸುವುದು

ಹಣ ಕಡಿಮೆ, ಸಮಯ ಜಾಸ್ತಿ ಕೇಳುವ ದಾರಿ. ಆಪರೇಷನ್ ಆದ ನಾಯಿಗೂ ಬೇಕು, ಆಗದ್ದಕ್ಕೂ ಬೇಕು.

ಮನೆಯೊಳಗೆ ಕಣ್ತಪ್ಪಿಸಿ ಅಲೆಯಲು ಬಿಡಬೇಡಿ. ಉದ್ದನೆಯ ಹಗ್ಗ ನಿಮ್ಮ ಕೈಯಲ್ಲಿರಲಿ, ಅಥವಾ ನೀವಿರುವ ಕೋಣೆಯಲ್ಲೇ ಅದೂ ಇರಲಿ. ಮೂಸಲು ಶುರು ಮಾಡಿ ಕಾಲೆತ್ತುವ ಹೊತ್ತಿಗೆ ಚಪ್ಪಾಳೆ ತಟ್ಟಿ ಹೊರಗೆ ಕರೆದೊಯ್ಯಿರಿ. ಹೊರಗೆ ಮಾಡಿದ ಕೂಡಲೇ ತಿಂಡಿ ಕೊಡಿ. ಗುರುತು ಹಾಕುವ ಜಾಗದಲ್ಲೇ ಊಟದ ತಟ್ಟೆಯನ್ನೋ ಹಾಸಿಗೆಯನ್ನೋ ಇಡಿ, ಎಷ್ಟೋ ನಾಯಿಗಳು ಉಣ್ಣುವ ಜಾಗ ಕೆಡಿಸುವುದಿಲ್ಲ. ಆಗಿಹೋದ ಮೇಲೆ ಮೂತಿ ಹಿಡಿದು ಉಚ್ಚೆಗೆ ಉಜ್ಜುವುದು, ಹೊಡೆಯುವುದು ಬೇಡ. ಅದರಿಂದ ನಾಯಿ ಕಲಿಯುವುದು ಒಂದೇ, ನೀವಿಲ್ಲದಾಗ ಮಂಚದ ಹಿಂದೆ ಹೋಗಿ ಮಾಡುವುದು.

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ಗೇಟು. ವಿದ್ಯಾನಗರವಾಗಲಿ ನಿಟುವಳ್ಳಿಯಾಗಲಿ, ಗೇಟಿನ ಆಚೆ ಬೀದಿ ನಾಯಿಗಳು ಇದ್ದೇ ಇರುತ್ತವೆ. ಅವು ಕಂಬಕ್ಕೆ ಹೊಯ್ದರೆ ಒಳಗಿನದು ಬಾಗಿಲಿಗೆ ಹೊಯ್ಯುತ್ತದೆ. ಗೇಟಿನ ಕೆಳಭಾಗಕ್ಕೆ ಶೀಟು ಹೊಡೆಸಿ, ಬೀದಿ ಕಡೆಯ ಕಿಟಕಿಯ ಕೆಳ ಅರ್ಧ ಮುಚ್ಚಿ. ಒಮ್ಮೆಯ ಖರ್ಚು. ಕೆಲವು ಮನೆಗಳಲ್ಲಿ ಆಪರೇಷನ್‌ಗಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ. ಬೈಕಿನ ಚಕ್ರ ಮತ್ತು ಚಪ್ಪಲಿ ಊರೆಲ್ಲ ಸುತ್ತಿ ಬೇರೆ ನಾಯಿಗಳ ವಾಸನೆ ಹೊತ್ತು ತರುತ್ತವೆ. ಗಾಡಿಯನ್ನು ಹೊರಗೇ ನಿಲ್ಲಿಸಿ, ಚಪ್ಪಲಿಯನ್ನು ಎತ್ತರದ ಸ್ಟ್ಯಾಂಡಿನಲ್ಲಿಡಿ. ಬೀದಿ ನಾಯಿಗಳಿಗೆ ಆಪರೇಷನ್ ಮತ್ತು ಲಸಿಕೆ ಹಾಕಿಸುವ ಹೊಣೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಪಾಲಿಕೆಯದು. ಬಡಾವಣೆಯವರೆಲ್ಲ ಸೇರಿ ಅರ್ಜಿ ಕೊಡಬಹುದು.

ಹೊರಗೆ ಹೊಯ್ಯಲು ಅವಕಾಶ ಸಾಲದಿದ್ದರೂ ಒಳಗೆ ಜಾಸ್ತಿಯಾಗುತ್ತದೆ. ಬೆಳಿಗ್ಗೆ ಸಂಜೆ ಓಡಾಡಿಸಿ, ಮೂಸಲು ಬಿಡಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಿ, ಕಾದ ರಸ್ತೆ ಪಾದ ಸುಡುತ್ತದೆ.

ಬೇಗ ದಾಟಬಹುದಾದವು

ಗೇಟಿಗೆ ನೀಲಿ, ಕೆಂಪು ನೀರಿನ ಬಾಟಲಿ ನೇತುಹಾಕುವುದನ್ನು ಬೀದಿಬೀದಿಯಲ್ಲಿ ನೋಡುತ್ತೇವೆ. ನಾಯಿಗೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ಯಾವುದಕ್ಕೂ ಅದು ಹೆದರುವುದಿಲ್ಲ. ಬ್ಯಾಡಗಿ ಮೆಣಸಿನ ಪುಡಿ ಉದುರಿಸುವುದು ಹಿಂಸೆ. ನುಸಿ ಗುಳಿಗೆ ನಾಯಿಗೆ ವಿಷ, ಮಕ್ಕಳಿಗೂ ವಿಷ. "ಇಲ್ಲಿ ಬೇಡ" ಎನ್ನುವ ವಾಸನೆಯ ಸ್ಪ್ರೇಗಳನ್ನು ದಿನಾ ಹೊಡೆಯಬೇಕು, ಹೊಡೆದರೂ ಪಕ್ಕದ ಕಾಲಿಗೆ ಹೋಗುತ್ತದೆ.

ಪ್ಲಗ್ಗಿಗೆ ಹಾಕುವ, ನಾಯಿಯನ್ನು ಸಮಾಧಾನ ಮಾಡುವ ವಾಸನೆ ಬಿಡುವ ಫೆರೊಮೋನ್ ಯಂತ್ರ ದುಬಾರಿ, ಪ್ರತಿ ತಿಂಗಳು ರೀಫಿಲ್ ಬೇಕು, ಫಲದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕಿಟಕಿ ತೆಗೆದು ಫ್ಯಾನ್ ಹಾಕಿಡುವ ನಮ್ಮ ಮನೆಗಳಲ್ಲಿ ಅದು ಗಾಳಿಗೆ ಹೋಗುವುದೇ ಜಾಸ್ತಿ. ಹಣ ಇದ್ದರೂ ನಾನು ಕೊಳ್ಳುವುದಿಲ್ಲ. ಮಾತ್ರೆಗಳ ವಿಷಯ ಬೇರೆ. ಹೊಸ ಮಗು, ಹೊಸ ಮನೆ, ಎರಡನೇ ನಾಯಿ ಬಂದ ಮೇಲೆ ಗಾಬರಿಯಿಂದ ಗುರುತು ಹಾಕುವ ನಾಯಿಗೆ ಡಾಕ್ಟ್ರು ಫ್ಲುಯೊಕ್ಸೆಟಿನ್‌ನಂಥದ್ದು ಬರೆದುಕೊಡಬಹುದು. ವಾರಗಟ್ಟಲೆ ಕೊಟ್ಟ ಮೇಲೆಯೇ ಗುಣ ಕಾಣುವುದು. ಮೆಡಿಕಲ್ ಶಾಪ್‌ನಿಂದ ನೀವೇ ತಂದು ಕೊಡುವ ಔಷಧಿಯಲ್ಲ ಇದು.

ಅಜ್ಜಿಯ ಸಲಹೆ ಉಳಿಯಿತು, ಹೊರಗೆ ಕಟ್ಟುವುದು. ಮನೆ ಒಣಗುತ್ತದೆ, ನಿಜ. ತುಳಸಿ ಕಟ್ಟೆ, ಗಾಡಿ, ಅಂಗಳದ ರಂಗೋಲಿ ಅದರ ಪಾಲಾಗುತ್ತದೆ. ರಾತ್ರಿಯಿಡೀ ಬೊಗಳುತ್ತದೆ. ಸದಾ ಸರಪಳಿಯಲ್ಲಿಟ್ಟು ಓಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ನೆರಳು, ನೀರು, ದಿನಾ ಓಡಾಟ ಇದ್ದರೆ ಹಗಲಿನ ಕೆಲವು ಗಂಟೆ ಹೊರಗಿರುವುದರಲ್ಲಿ ತಪ್ಪಿಲ್ಲ.

ನಿಮ್ಮ ಮನೆಗೆ ಯಾವುದು?

ಬಾಡಿಗೆ ಮನೆ, ಕೈಯಲ್ಲಿ ಹಣ ಕಡಿಮೆ, ಗಂಡು ನಾಯಿ. ಈ ತಿಂಗಳು ಮೂತ್ರ ಪರೀಕ್ಷೆ ಮಾಡಿಸಿ, ಬಟ್ಟೆ ಪುಡಿ ನೀರಿನಿಂದ ಹಳೇ ಕಲೆಗಳನ್ನೆಲ್ಲ ತೊಳೆಯಿರಿ, ಕಿಟಕಿಗೆ ಹಳೇ ಸೀರೆಯೋ ರಟ್ಟೋ ಕಟ್ಟಿ. ಮುಂದಿನ ತಿಂಗಳು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಆಪರೇಷನ್ ದಿನ ಕೇಳಿ. ಮನೆ ಮಾಲೀಕರು ಗೊಣಗಲು ಶುರು ಮಾಡಿದ್ದರೆ ಮಾತ್ರ ಹೊಟ್ಟೆಪಟ್ಟಿ ಸೇರಿಸಿ.

ಸ್ವಂತ ಮನೆ, ಇಬ್ಬರೂ ಕೆಲಸಕ್ಕೆ ಹೋಗುವವರು. ನಿಮಗೆ ಸಮಯ ಇಲ್ಲ, ಹಣ ಇದೆ. ಆಪರೇಷನ್, ಒಳ್ಳೆಯ ಎಂಜೈಮ್ ದ್ರಾವಣ, ಗೇಟಿಗೆ ಶೀಟು. ಹಗಲು ನಾಯಿಯನ್ನು ತೊಳೆಯಲು ಸುಲಭವಾದ ಒಂದೇ ಕೋಣೆಯಲ್ಲಿ ಬಿಡಿ, ಸೋಫಾ ಇರುವ ಪಡಸಾಲೆಯಲ್ಲಿ ಬೇಡ. ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯಲು ಯಾರಾದರೂ ಸಿಕ್ಕರೆ ಅದಕ್ಕೆ ಕೊಡುವ ಹಣ ದಂಡವಲ್ಲ.

ಕಡಪ ಕಲ್ಲಿನ ಹಳೇ ಮನೆ, ಅಜ್ಜ ಅಜ್ಜಿ ಸದಾ ಮನೆಯಲ್ಲಿ. ಕಣ್ಣಿಡಲು ಜನ ಇದ್ದಾರೆ, ಅಭ್ಯಾಸದ ದಾರಿ ನಿಮಗೆ ಬೇಗ ಫಲಿಸುತ್ತದೆ. ಆಪರೇಷನ್‌ಗೆ ಹಿರಿಯರು ಒಪ್ಪದಿದ್ದರೆ ಎರಡು ತಿಂಗಳು ಇದನ್ನು ಬಿಗಿಯಾಗಿ ಮಾಡಿ ನೋಡಿ, ಕಡಿಮೆಯಾಗದಿದ್ದರೆ ಆಗ ಮತ್ತೆ ಮಾತು ತೆಗೆಯಿರಿ.

ಈಗಾಗಲೇ ಆಪರೇಷನ್ ಆದ ನಾಯಿ, ಅಥವಾ ಹೆಣ್ಣು ನಾಯಿ. ನಿಮ್ಮ ಹಣ ಡಾಕ್ಟ್ರ ಪರೀಕ್ಷೆಗೂ ಎಂಜೈಮಿಗೂ ಹೋಗಲಿ. ಮನೆಯಲ್ಲಿ ಏನು ಬದಲಾಯಿತು ಎಂದು ಯೋಚಿಸಿ.

ಯಾವ ದಾರಿ ಹಿಡಿದರೂ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೀಟು ಹಾಕುತ್ತಾ ಬನ್ನಿ: ಎಷ್ಟು ಸಲ, ಎಲ್ಲಿ, ಯಾವ ಹೊತ್ತಿಗೆ. ಕಡಿಮೆಯಾಗುತ್ತಿದೆಯೇ ಎಂಬುದು ಅದರಿಂದಲೇ ಗೊತ್ತಾಗುವುದು, ಬೇಸರದ ದಿನ ಎಲ್ಲವೂ ಹಾಗೇ ಇದೆ ಅನ್ನಿಸುತ್ತದೆ. ಎರಡು ಮೂರು ತಿಂಗಳಾದರೂ ಗೀಟುಗಳು ಇಳಿಯದಿದ್ದರೆ ಆ ಕ್ಯಾಲೆಂಡರಿನ ಜೊತೆ ಫೋನಿನಲ್ಲಿ ತೆಗೆದ ಒಂದು ವಿಡಿಯೊ ಹಿಡಿದು ಮತ್ತೆ ಡಾಕ್ಟ್ರ ಹತ್ತಿರ ಹೋಗಿ. ಇಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಿಲ್ಲ. ಹೋಗುವ ದಿನ ಬೆಳಗಿನ ಮೊದಲ ಉಚ್ಚೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದುಕೊಂಡು ಹೋದರೆ ಪರೀಕ್ಷೆಗೆ ಇನ್ನೊಂದು ಸಲ ಅಲೆಯುವುದು ತಪ್ಪುತ್ತದೆ. ಉದ್ದ ಹಿಡಿಕೆಯ ಸೌಟು ಅದಕ್ಕೆ ಒಳ್ಳೆಯದು, ಮನೆಯವರು ಕೇಳುವ ಮೊದಲೇ ಹೇಳಿಬಿಡಿ, ಅದು ಇನ್ನು ಅಡುಗೆಗೆ ಬರುವುದಿಲ್ಲ ಎಂದು.